ದೀಪ ಹಾಕಿದಾಗ ಮಾತ್ರ ಏರುತ್ತಿದ್ದ ಮುಳ್ಳು

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಒಂಬತ್ತನೆಯದನ್ನು ಹತ್ತಿ ಮುಗಿಸಿದ್ದೆವು. 2023ರ ಜುಲೈ, ಸಂಜೆ ಏಳರ ಹೊತ್ತು. ಮಣಿಪಾಲದಲ್ಲಿ ಅಪ್ಪಯ್ಯನ ಎಡಗಣ್ಣಿನ ಪೊರೆ ತೆಗೆಸಿ ಊರಿಗೆ ಮರಳುತ್ತಿದ್ದೆ. ಅವರ ಕಣ್ಣಿಗೆ ಪಟ್ಟಿ, ಗಾಜಿನ ಮೇಲೆ ಮಳೆ, ಹೆಡ್‌ಲೈಟಿನ ಬೆಳಕಿಗೆ ಹತ್ತು ಮಾರು ಮುಂದೆ ಮಂಜಿನ ಗೋಡೆ. ಆಗ ನನ್ನ ಕಣ್ಣು ಡ್ಯಾಶ್‌ಬೋರ್ಡಿನ ಕಡೆ ಹೋಯಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುಗೆರೆ ಬಿಟ್ಟು ಕೆಂಪು ಪಟ್ಟಿಯ ಅಂಚಿಗೆ ಬಂದು ನಿಂತಿತ್ತು.

ಘಾಟಿಯಲ್ಲಿ ಎಂಜಿನ್ ಕುದಿಯುವುದೆಂದರೆ ಏನೆಂದು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಹೆಡ್ ಗ್ಯಾಸ್ಕೆಟ್ ಸುಟ್ಟರೆ, ಸಿಲಿಂಡರ್ ಹೆಡ್ ಬಾಗಿದರೆ ಹಳೆಯ ಗಾಡಿಯ ಕಥೆ ಅಲ್ಲಿಗೆ ಮುಗಿದಂತೆ. ಸ್ವಲ್ಪ ಅಗಲವಿದ್ದ ಜಾಗ ನೋಡಿ ಬದಿಗೆ ಹಾಕಿ ಎಂಜಿನ್ ಆರಿಸಿದೆ. ಬೋನೆಟ್ ಎತ್ತಿದರೆ ಹಬೆ ಇಲ್ಲ. ನೀರು ಕುದಿಯುವ ಸದ್ದಿಲ್ಲ. ಸುಟ್ಟ ವಾಸನೆಯಿಲ್ಲ. ಅರ್ಧ ಗಂಟೆ ಕಾದು ಮತ್ತೆ ಹೊರಟೆವು. ಎರಡೇ ತಿರುವಿಗೆ ಮುಳ್ಳು ಮತ್ತೆ ಅಲ್ಲಿಗೇ ಬಂತು. ಆಗುಂಬೆ ದಾಟಿ ರಸ್ತೆ ಸಮತಟ್ಟಾದ ಮೇಲೂ ಅದು ಇಳಿಯಲಿಲ್ಲ. ಆದರೂ ಗಾಡಿ ಏನೂ ಆಗದೆ ಮನೆ ಮುಟ್ಟಿತು. ಏನೂ ಆಗಲಿಲ್ಲ ಏಕೆ ಎಂಬ ಪ್ರಶ್ನೆಯನ್ನು ನಾನು ಅಂದು ರಾತ್ರಿಯೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಂಡಿದ್ದರೆ ಒಂದು ತಿಂಗಳ ಓಡಾಟ ಉಳಿಯುತ್ತಿತ್ತು.

ಗಾಡಿ ಅಪ್ಪಯ್ಯ 2005ರಲ್ಲಿ ಹೊಸದಾಗಿ ಕೊಂಡ ಡೀಸೆಲ್ ಎಸ್‌ಯುವಿ. ಕಂಪನಿಯ ಹೆಸರು ಇಲ್ಲಿ ಬೇಡ. ನಾನು ಹೇಳಹೊರಟ ಕಾಯಿಲೆ ಆ ವಯಸ್ಸಿನ ಯಾವ ಗಾಡಿಗೂ ಬರುವಂಥದ್ದು. ಅಡಿಕೆ ಮೂಟೆ, ಗೊಬ್ಬರದ ಚೀಲ, ಮದುವೆಯ ದಿಬ್ಬಣ, ಹೆರಿಗೆಗೆ ಹೊರಟ ಪಕ್ಕದ ಮನೆಯ ಹುಡುಗಿ, ಎಲ್ಲವನ್ನೂ ಅದು ಹೊತ್ತಿದೆ. ನೋಂದಣಿಗೆ 15 ವರ್ಷ ತುಂಬಿದಾಗ ಆರ್‌ಟಿಒ ಮುಂದೆ ನಿಲ್ಲಿಸಿ, ಹಸಿರು ತೆರಿಗೆ ಕಟ್ಟಿ, ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡೆವು. ಮಾರಿಬಿಡು ಎಂದು ತಮ್ಮ ಬೆಂಗಳೂರಿನಿಂದ ಹೇಳುತ್ತಲೇ ಇದ್ದ. ತೋಟದ ದಾರಿಯಲ್ಲಿ ಮಳೆಗಾಲದ ಕೆಸರು ಎಷ್ಟಿರುತ್ತದೆಂದು ಅವನಿಗೆ ಗೊತ್ತು. ಆದರೂ ಹೇಳುತ್ತಿದ್ದ.

ಬಿಸಿಯ ಮುಳ್ಳಿನ ತೊಂದರೆ ಒಂಟಿಯಾಗಿ ಬಂದಿರಲಿಲ್ಲ. ಆ ವರ್ಷ ಮೊದಲ ಮಳೆಯಿಂದಲೇ ಬೆಳಗಿನ ಹೊತ್ತು ಸೆಲ್ಫ್ (ಎಂಜಿನ್ ತಿರುಗಿಸಿ ಎಬ್ಬಿಸುವ ಮೋಟರ್) ಸರಿಯಾಗಿ ಎಳೆಯುತ್ತಿರಲಿಲ್ಲ. ಕೀ ತಿರುಗಿಸಿದರೆ ಮುದುಕರು ಮೆಟ್ಟಿಲು ಹತ್ತುವ ಹಾಗೆ ಎಂಜಿನ್ ನಿಂತು ನಿಂತು ತಿರುಗುತ್ತಿತ್ತು. ಹೊಗೆ ಕೊಳವೆಯಿಂದ ಹಸಿ ಡೀಸೆಲ್ಲಿನ ನಾತದ ಬಿಳಿ ಹೊಗೆ. ನಾಲ್ಕು ಸಲ ಪ್ರಯತ್ನಿಸಿದ ಮೇಲೆ ಒಂದು ಸಲ ಹೊತ್ತಿಕೊಳ್ಳುತ್ತಿತ್ತು. ಇಂಡಿಕೇಟರ್ ಮಿನುಗಿದಾಗಲೆಲ್ಲ ಹೆಡ್‌ಲೈಟ್ ಒಂದು ಗುಟುಕು ಮಂಕಾಗುತ್ತಿತ್ತು. ಎರಡು ವರ್ಷವೂ ಆಗದ ಬ್ಯಾಟರಿ ಬಡಕಲಾಗಿತ್ತು.

ಇವನ್ನು ನಾನು ಬೇರೆ ಬೇರೆ ಕಾಯಿಲೆಗಳೆಂದು ಎಣಿಸಿದೆ. ಬೇರೆ ಬೇರೆ ಜನರ ಬಳಿಗೆ ಹೋದೆ. ಬ್ಯಾಟರಿ ಅಂಗಡಿಯವರು ಹೊಸ ಬ್ಯಾಟರಿ ಕೂರಿಸಿದರು, 7,500 ರೂಪಾಯಿ. ಒಂದು ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ವಾಲ್ವ್ ಬದಲಿಸಿ, ರೇಡಿಯೇಟರ್ ಬಿಚ್ಚಿ ತೊಳೆಸಿ, ಕೂಲೆಂಟ್ ತುಂಬಿದರು, ಅದು 6,800. ಇನ್ನೊಂದು ಕಡೆ ಬಿಳಿ ಹೊಗೆಯನ್ನು ನೋಡಿದವರು ಡೀಸೆಲ್ ಪಂಪು ಮತ್ತು ಡೀಸೆಲ್ ಸಿಂಪಡಿಸುವ ನಾಜಲ್ ಕೆಲಸ ಆಗಲೇಬೇಕು, 38,000 ಹಿಡಿದುಕೊಳ್ಳಿ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಎಂಬ ಗಾದೆಯನ್ನು ನಮ್ಮಲ್ಲಿ ಆಗಾಗ ಬಳಸುತ್ತಾರೆ. ಇಲ್ಲಿ ಬರೆ ಬಿದ್ದದ್ದು ಒಂದು ಎಮ್ಮೆಗಲ್ಲ, ಇಡೀ ಕೊಟ್ಟಿಗೆಗೆ.

ಅವರಲ್ಲಿ ಯಾರೂ ಮೋಸಗಾರರೆಂದು ನಾನು ಹೇಳುವುದಿಲ್ಲ. ಪ್ರತಿಯೊಬ್ಬರೂ ತಮಗೆ ಕಂಡ ಲಕ್ಷಣಕ್ಕೆ ತಮಗೆ ಗೊತ್ತಿದ್ದ ಮದ್ದು ಕೊಟ್ಟರು. ಆದರೆ ಅಳೆಯದೆ ಬದಲಿಸುವುದು ದುರಸ್ತಿಯಲ್ಲ ಎಂದು ನಾನೀಗ ಗಟ್ಟಿಯಾಗಿ ನಂಬುತ್ತೇನೆ. ಭಾಗಗಳನ್ನು ಬದಲಿಸುತ್ತ ಹೋದರೆ ಒಂದಲ್ಲ ಒಂದು ದಿನ ಸರಿಯಾದ ಭಾಗಕ್ಕೆ ಕೈ ತಾಗುತ್ತದೆ, ನಿಜ. ಅಷ್ಟರೊಳಗೆ ಮನೆಯವರ ತಾಳ್ಮೆ ಮುಗಿದು ಗಾಡಿ ಗುಜರಿಗೆ ಹೋಗಿರುತ್ತದೆ.

ಡೀಸೆಲ್ ಎಂಜಿನ್ ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ನನ್ನ ತಪ್ಪು ತಿಳಿವಳಿಕೆ ಅಲ್ಲಿಯೇ ಇತ್ತು. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಕಾದ ಗಾಳಿಗೆ ನಾಜಲ್ ಡೀಸೆಲ್ ಸಿಂಪಡಿಸಿದ ಕೂಡಲೇ ಉರಿ ಹತ್ತುತ್ತದೆ. ಚಳಿಯಲ್ಲಿ ಸಹಾಯಕ್ಕೆ ಹೀಟರ್ ಪ್ಲಗ್‌ಗಳಿವೆ, ಅಷ್ಟೆ. ಅದುಮುವ ಕೆಲಸ ಬೇಗ ಆಗಬೇಕು. ನಿಧಾನವಾಗಿ ಅದುಮಿದರೆ ಗಾಳಿಯ ಬಿಸಿ ತಣ್ಣನೆಯ ಸಿಲಿಂಡರ್ ಗೋಡೆಗೆ ಹರಿದುಹೋಗುತ್ತದೆ, ಡೀಸೆಲ್ ಉರಿಯದೆ ಆವಿಯಾಗಿ ಹೊರಗೆ ಬರುತ್ತದೆ. ಅದೇ ಆ ಬಿಳಿ ಹೊಗೆ. ಅಂದರೆ ನಾಜಲ್ ಕೆಟ್ಟರೂ ಬಿಳಿ ಹೊಗೆ, ಹೀಟರ್ ಪ್ಲಗ್ ಸತ್ತರೂ ಬಿಳಿ ಹೊಗೆ, ಸೆಲ್ಫ್ ಮೋಟರಿಗೆ ಕರೆಂಟು ಸಾಲದೆ ಎಂಜಿನ್ ನಿಧಾನ ತಿರುಗಿದರೂ ಬಿಳಿ ಹೊಗೆ. ಹೊಗೆ ಬಂತು ಎಂದರೆ ಡೀಸೆಲ್ ಸಿಲಿಂಡರಿನವರೆಗೆ ಬರುತ್ತಿದೆ ಎಂದಷ್ಟೇ ಖಚಿತ. ಹೊಗೆಯೇ ಇಲ್ಲದೆ ಸುಮ್ಮನೆ ತಿರುಗುತ್ತಿದ್ದರೆ ದಾರಿ ಬೇರೆ: ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆಯೇ, ಪಂಪಿನ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ಕವಾಟ) ತೆರೆದುಕೊಳ್ಳುತ್ತಿದೆಯೇ ಎಂದು ನೋಡಬೇಕಾಗುತ್ತದೆ.

ಎಂಜಿನ್ ಕೆಲಸದವರು ಒಂದು ಕಡೆ, ವೈರಿಂಗ್ ಕೆಲಸದವರು ಇನ್ನೊಂದು ಕಡೆ ಕೂರುವುದು ನಮ್ಮ ಪೇಟೆಗಳ ರೂಢಿ. ಗಾಡಿಯೊಳಗೆ ಅಂಥ ಗೋಡೆ ಇಲ್ಲ.

ಪಂಪು ಬಿಚ್ಚಿಸುವ ಮೊದಲು ಒಂದು ಸಲ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿರುವ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್‌ಗೆ ತೋರಿಸು ಎಂದವರು ಅಪ್ಪಯ್ಯ. ಜೀಪು, ಲಾರಿ, ಟ್ರ್ಯಾಕ್ಟರುಗಳ ಡೈನಮೊ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರ) ಬಿಚ್ಚುತ್ತ ಕೂದಲು ಹಣ್ಣಾದವರು ಅವರು. ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ನಾನು ಎಲ್ಲ ಕಥೆಯನ್ನೂ ಒಪ್ಪಿಸಿದೆ. ಅವರು ಬೋನೆಟ್ ಮುಟ್ಟಲಿಲ್ಲ.

"ಮುಳ್ಳು ಯಾವಾಗ ಏರುತ್ತದೆ ತಂಗಿ?"

"ಘಾಟಿ ಹತ್ತುವಾಗ, ಮೇಸ್ತ್ರಿ."

"ಜಾಗ ಕೇಳಲಿಲ್ಲ ನಾನು. ಹೊತ್ತು ಎಷ್ಟಾಗಿರುತ್ತದೆ?"

ಯೋಚಿಸಿದೆ. ಮಣಿಪಾಲದಿಂದ ಬಂದದ್ದು ಸಂಜೆ. ಅದರ ನಂತರ ತೀರ್ಥಹಳ್ಳಿಯಿಂದ ಬರುವಾಗ ಏರಿದ್ದೂ ಕತ್ತಲಾದ ಮೇಲೆ. ಗ್ಯಾರೇಜಿನವರು ಮೂರು ಸಲ ಓಡಿಸಿ ನೋಡಿ ಏನೂ ಇಲ್ಲ ಎಂದದ್ದು ಹಗಲಿನಲ್ಲಿ. ನಾನು ಹೇಳುತ್ತ ಹೋದಂತೆ ಅವರು ತಲೆಯಾಡಿಸಿದರು. ಎಂಜಿನ್ ಸ್ಟಾರ್ಟ್ ಮಾಡಿಸಿ ಕಾಯಲು ಬಿಟ್ಟರು. ಮುಳ್ಳು ನಡುಗೆರೆಗೆ ಬಂದು ನಿಂತಿತು. "ಈಗ ದೀಪ ಹಾಕು. ವೈಪರ್ ಹಾಕು. ಫ್ಯಾನ್ ಪೂರ್ತಿ ಇಡು."

ಮುಳ್ಳು ನನ್ನ ಕಣ್ಣೆದುರೇ ಸರಸರನೆ ಮೇಲಕ್ಕೆ ಹೋಯಿತು. ಎಲ್ಲ ಆರಿಸಿದೆ, ಇಳಿಯಿತು. ಮತ್ತೆ ಹಾಕಿದೆ; ಏರಿತು.

"ಎಂಜಿನ್ನಿನ ಒಳಗೆ ಹತ್ತು ಲೀಟರ್ ಹತ್ತಿರ ನೀರಿದೆ. ಅಷ್ಟು ನೀರು ಎರಡು ಸೆಕೆಂಡಿನಲ್ಲಿ ಕಾಯುವುದೂ ಇಲ್ಲ, ಆರುವುದೂ ಇಲ್ಲ," ಎಂದರು ಮೇಸ್ತ್ರಿ.

ಆ ಮಾತು ಕೇಳಿದಾಗ ನನಗಾದ ನಿರಾಳವನ್ನು ಬರೆಯಲಾರೆ. ಘಾಟಿಯಲ್ಲಿ ನಾನು ಗಾಡಿ ನಿಲ್ಲಿಸಿ ಕೀ ತೆಗೆದಿದ್ದೆ. ಕೀ ತೆಗೆದರೆ ಮುಳ್ಳು ಹೇಗೂ ಕೆಳಗೆ ಬೀಳುತ್ತದೆ. ದೀಪ ಮಾತ್ರ ಆರಿಸಿ ಎಂಜಿನ್ ಓಡಲು ಬಿಟ್ಟಿದ್ದರೆ ಉತ್ತರ ಅಲ್ಲೇ, ಆ ಮಳೆಯಲ್ಲೇ ಸಿಗುತ್ತಿತ್ತು. ನನ್ನ ಭಯವೇ ಸುಳಿವನ್ನು ಮುಚ್ಚಿತ್ತು.

ಆಮೇಲೆ ಅವರು ಮಲ್ಟಿಮೀಟರ್ ತೆಗೆದರು. ಅದರ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಕೆರೆದ ಲೋಹದ ಮೇಲೆ ಒತ್ತಿ ಹಿಡಿದರು. ಎರಡೂ ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ಹಿಂತಿರುಗುವ ದಾರಿ. ಎರಡರ ನಡುವೆ ವ್ಯತ್ಯಾಸವೇ ಇರಬಾರದು. ಸೆಲ್ಫ್ ಹೊಡೆಯುವಾಗ ಕೂಡ 0.2 ವೋಲ್ಟಿನ ಆಸುಪಾಸಿನೊಳಗೆ ಇರಬೇಕು ಎಂದರು. ನಾನು ಕೀ ತಿರುಗಿಸಿದೆ. ಮೀಟರ್ 3 ವೋಲ್ಟ್ ತೋರಿಸಿತು. ಅದೇ ಹೊತ್ತಿಗೆ ಬ್ಯಾಟರಿಯ ಕಂಬಗಳ ನಡುವೆ 10.4 ಇತ್ತು. ಅಂದರೆ ಸೆಲ್ಫ್ ಮೋಟರಿಗೆ ಸಿಗುತ್ತಿದ್ದದ್ದು ಏಳೂವರೆ ವೋಲ್ಟಿಗಿಂತ ಕಡಿಮೆ. ಹೊಸ ಬ್ಯಾಟರಿ ತನ್ನ ಕೆಲಸ ಮಾಡುತ್ತಿತ್ತು. ಅದು ಕೊಟ್ಟದ್ದು ದಾರಿಯಲ್ಲಿ ಸೋರುತ್ತಿತ್ತು.

ಇದು ಶಾಲೆಯಲ್ಲಿ ಎಲ್ಲರೂ ಓದಿದ ಓಮ್ ನಿಯಮ. ಡೀಸೆಲ್ ಎಂಜಿನ್ನಿನ ಸೆಲ್ಫ್ ಮೋಟರ್ 200 ಆಂಪಿಯರಿನಷ್ಟು ಕರೆಂಟು ಎಳೆಯುತ್ತದೆ. ದಾರಿಯಲ್ಲಿ ಒಂದು ಓಮಿನ ನೂರರಲ್ಲಿ ಒಂದೂವರೆ ಪಾಲು, 0.015 ಓಮ್ ತಡೆಯಿದ್ದರೂ ಸಾಕು, 3 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಅಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮಲ್ಟಿಮೀಟರಿನ ಓಮ್ ಸಾಲಿನಲ್ಲಿ ಅಳೆಯಲು ಹೋದರೆ ಸೊನ್ನೆಯೇ ಕಾಣುತ್ತದೆ. ಮೊದಲಿನ ಗ್ಯಾರೇಜಿನಲ್ಲಿ ಬೀಪ್ ಬರುತ್ತದೆಯೋ ಎಂದು ನೋಡಿ ಅರ್ತ್ ಸರಿಯಿದೆ ಎಂದಿದ್ದರು. ಹುರಿಯ ನೂರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಭಾರ ಹೊರಿಸಿ ಅಳೆದರೆ ಮಾತ್ರ ಬಣ್ಣ ಬಯಲಾಗುತ್ತದೆ. ಹಗ್ಗ ಗಟ್ಟಿಯಿದೆಯೇ ಎಂದು ಬಾವಿಗೆ ಕೊಡ ಇಳಿಸಿ ನೋಡಬೇಕೇ ಹೊರತು ಗೂಟಕ್ಕೆ ಸುತ್ತಿಟ್ಟಿರುವಾಗ ಸವರಿ ನೋಡಿದರೆ ತಿಳಿಯುವುದಿಲ್ಲ.

ಮುಳ್ಳು ಏಕೆ ಏರುತ್ತಿತ್ತು? ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿರುತ್ತದೆ. ರಬ್ಬರ್ ಕರೆಂಟನ್ನು ಬಿಡುವುದಿಲ್ಲ. ಆದ್ದರಿಂದ ಎಂಜಿನ್ನಿಗೂ ಚಾಸಿಗೂ (ಗಾಡಿಯ ಲೋಹದ ಚೌಕಟ್ಟಿಗೂ) ನಡುವೆ ತಾಮ್ರದ ಹೆಣಿಗೆಯ ಒಂದು ಪಟ್ಟಿ ಇರುತ್ತದೆ. ಡೈನಮೊ (ಆಲ್ಟರ್ನೇಟರನ್ನು ನಮ್ಮ ಕಡೆ ಈಗಲೂ ಹೀಗೇ ಕರೆಯುತ್ತಾರೆ) ಎಂಜಿನ್ನಿಗೆ ಬಿಗಿದಿರುತ್ತದೆ. ದೀಪ, ವೈಪರ್, ಫ್ಯಾನ್ ಎಲ್ಲವುಗಳಿಂದ ಗಾಡಿಯ ಲೋಹದ ಮೈಗೆ ಬಂದ ಕರೆಂಟು ಆ ಪಟ್ಟಿಯ ಮೂಲಕವೇ ಡೈನಮೊಗೆ ಹಿಂತಿರುಗಬೇಕು. ಪಟ್ಟಿ ಸವೆದಿದ್ದರೆ ಎಂಜಿನ್ ಬ್ಲಾಕು ಮತ್ತು ಗಾಡಿಯ ಮೈಯ ನಡುವೆ ವೋಲ್ಟಿನ ಮಟ್ಟ ಏರುಪೇರಾಗುತ್ತದೆ. ಎಲ್ಲ ಹಾಕಿದಾಗ ನಮ್ಮ ಗಾಡಿಯಲ್ಲಿ ಅದು 0.7 ವೋಲ್ಟ್ ಇತ್ತು. ಬಿಸಿ ಅಳೆಯುವ ಸೆನ್ಸರ್ ಎಂಜಿನ್ ಬ್ಲಾಕನ್ನೇ ತನ್ನ ಅರ್ತ್ ಎಂದು ನಂಬಿಕೊಂಡಿರುವಂಥದ್ದು. ಬ್ಲಾಕಿನ ವೋಲ್ಟ್ ಮಟ್ಟ ಅಷ್ಟು ಕೆಳಗಿಳಿದರೆ ಸೆನ್ಸರಿನ ಮೂಲಕ ಹೆಚ್ಚು ಕರೆಂಟು ಹರಿಯುತ್ತದೆ, ಗೇಜು ಅದನ್ನು ಹೆಚ್ಚಿನ ಬಿಸಿ ಎಂದು ಓದುತ್ತದೆ. ಡೈನಮೊ ತನ್ನ ಬಳಿ 14.2 ವೋಲ್ಟ್ ಕೊಡುತ್ತಿದ್ದರೂ ಬ್ಯಾಟರಿಗೆ ಮುಟ್ಟುತ್ತಿದ್ದದ್ದು 13.5. ಹಳೆಯ ಬ್ಯಾಟರಿ ಅರೆಹೊಟ್ಟೆಯಲ್ಲಿ ಬದುಕಿ ಎರಡು ವರ್ಷ ತುಂಬುವ ಮೊದಲೇ ಸತ್ತಿತ್ತು.

ಒಂದೇ ಪಟ್ಟಿ. ಬೆಳಗಿನ ಸೆಲ್ಫ್, ಬಿಳಿ ಹೊಗೆ, ಮಂಕು ದೀಪ, ಸತ್ತ ಬ್ಯಾಟರಿ, ಏರುವ ಮುಳ್ಳು.

ಮೇಸ್ತ್ರಿ ಗಾಡಿಯ ಕೆಳಗೆ ಹೋಗಿ ಆ ಪಟ್ಟಿಯನ್ನು ಬಿಚ್ಚಿ ತಂದು ನನ್ನ ಅಂಗೈ ಮೇಲಿಟ್ಟರು. ಹೊರಗೆ ಕೆಸರು ಒಣಗಿ ಹಿಡಿದಿತ್ತು. ಮಡಚಿದರೆ ಹಸಿರು ಹುಡಿ ಉದುರಿತು. ಬೋಲ್ಟ್ ಕೂರುವ ತುದಿಯಲ್ಲಿ ಆರೇಳು ಎಳೆಗಳು ಉಳಿದಿದ್ದವು. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯ ನೆರೆಯಲ್ಲಿ, ತೋಟದ ಕೆಸರಿನಲ್ಲಿ, 18 ವರ್ಷ ಓಡಿದ ಗಾಡಿಯ ತಾಮ್ರ ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ. ಹೊಸ ಪಟ್ಟಿಗೆ 280 ರೂಪಾಯಿ. ಚಾಸಿಯ ಮೇಲಿನ ತುಕ್ಕು ಮತ್ತು ಬಣ್ಣವನ್ನು ಅರದಿಂದ ಉಜ್ಜಿ, ಬಿಳಿ ಲೋಹ ಕಂಡ ಮೇಲೆ ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಮೆತ್ತಿದರು. ಬಿಗಿದ ಮೇಲೆಯೇ ಗ್ರೀಸ್, ಮೊದಲಲ್ಲ ಎಂದು ಎರಡು ಸಲ ಹೇಳಿದರು. ಮತ್ತೆ ಸೆಲ್ಫ್ ಹೊಡೆಸಿದಾಗ ಮೀಟರಿನಲ್ಲಿ 0.1. ಎಂಜಿನ್ ಎರಡೇ ಸುತ್ತಿಗೆ ಹೊತ್ತಿಕೊಂಡಿತು.

ಹೊರಡುವಾಗ ಅವರು ಕೇಳಿದ ಇನ್ನೊಂದು ಪ್ರಶ್ನೆಯನ್ನು ನಾನು ಮರೆಯಲಾರೆ. "ಆಕ್ಸಿಲರೇಟರ್ ಕೇಬಲ್ ಇತ್ತೀಚೆಗೆ ಬದಲಿಸಿದ್ದೀರಾ?"

ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಅಪ್ಪಯ್ಯನ ಪುಸ್ತಕ ತೆಗೆದೆ. ಗಾಡಿ ಕೊಂಡ ದಿನದಿಂದ ಅವರು ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಡೀಸೆಲ್, ಆಯಿಲ್, ದುರಸ್ತಿ ಎಲ್ಲವನ್ನೂ ಕಿಲೋಮೀಟರ್ ಸಮೇತ ಬರೆಯುತ್ತ ಬಂದಿದ್ದಾರೆ. ಕಣ್ಣು ಮಂಜಾದ ಮೇಲೆ ಅಕ್ಷರ ದಪ್ಪವಾಗಿವೆ, ಸಾಲು ಏರಿಳಿದಿವೆ. ಆ ಜನವರಿಯಲ್ಲಿ ಒಂದು ಸಾಲು: ಆಕ್ಸಿಲರೇಟರ್ ಕೇಬಲ್ ಬಿಗಿ, ಬದಲು. ಮೇ ತಿಂಗಳಲ್ಲಿ ಮತ್ತೆ: ಕೇಬಲ್ ಪುನಃ ಬಿಗಿ, ಒಳಗಿನ ಪ್ಲಾಸ್ಟಿಕ್ ಕರಗಿದಂತಿದೆ, ಕಾರಣ ತಿಳಿಯದು.

ಪಟ್ಟಿ ಕೈಕೊಟ್ಟಾಗ ಕರೆಂಟು ಸುಮ್ಮನಿರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಲೋಹದ ಆಕ್ಸಿಲರೇಟರ್ ಕೇಬಲ್ ಇದೆಯಲ್ಲ, ಅದರೊಳಗೆ ನುಗ್ಗುತ್ತದೆ. ಸೆಲ್ಫ್ ಹೊಡೆದಾಗಲೆಲ್ಲ ಆ ಸಣ್ಣ ಕೇಬಲ್ ಕಾದು, ಒಳಗಿನ ಪದರ ಕರಗಿ, ಬಿಗಿಯುತ್ತದೆ. ಮಳೆ ಶುರುವಾಗುವ ಮೊದಲೇ, ಮುಳ್ಳು ಏರುವ ಮೊದಲೇ, ಗಾಡಿ ಹೇಳಿತ್ತು. ಅಪ್ಪಯ್ಯ ಬರೆದೂ ಇಟ್ಟಿದ್ದರು. ಓದುವವರು ಇರಲಿಲ್ಲ. ಅಂದಿನಿಂದ ಯಾವ ಗ್ಯಾರೇಜಿಗೆ ಹೋದರೂ ಆ ಪುಸ್ತಕ ನನ್ನ ಚೀಲದಲ್ಲಿರುತ್ತದೆ.

ಈಗಿನ ಗಾಡಿಗಳಿಗೆ ಸ್ಕ್ಯಾನರ್ ಚುಚ್ಚಿದರೆ ಕಾಯಿಲೆ ತಾನಾಗಿ ಹೇಳುತ್ತದಲ್ಲ ಎಂದು ತಮ್ಮ ವಾದಿಸಿದ. ನಮ್ಮ ಗಾಡಿಯಲ್ಲಿ ಕಂಪ್ಯೂಟರೇ ಇಲ್ಲ, ಆ ಮಾತು ಬೇರೆ. ಆದರೆ ಸ್ಕ್ಯಾನರ್ ಹೇಳುವುದು ಕಾಯಿಲೆಯ ಹೆಸರನ್ನಲ್ಲ, ನೋವಿರುವ ಜಾಗವನ್ನು. ಪಿ0335 ಎಂಬ ಕೋಡ್ ಬಂದರೆ ಕ್ರ್ಯಾಂಕ್‌ಶಾಫ್ಟ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಎಂದರ್ಥ. ಸರ್ಕ್ಯೂಟ್ ಎಂದರೆ ಸೆನ್ಸರ್, ಅದರ ವೈರು, ಕನೆಕ್ಟರ್ ಎಲ್ಲ ಸೇರಿ. ನಮ್ಮ ನೆಂಟರೊಬ್ಬರು ಆ ಕೋಡ್ ನೋಡಿ ಸೆನ್ಸರನ್ನೇ ಬದಲಿಸಿದರು, ಕೋಡ್ ಹೋಗಲಿಲ್ಲ. ಅಡಿಕೆ ಚೇಣಿಯ (ಫಸಲು ಗುತ್ತಿಗೆಯ) ಕೊಟ್ಟಿಗೆಯಲ್ಲಿ ನಿಲ್ಲಿಸುತ್ತಿದ್ದ ಗಾಡಿಯ ವೈರನ್ನು ಇಲಿ ಅರ್ಧ ಕಡಿದಿತ್ತು.

ನವೆಂಬರಿನಲ್ಲಿ ಇನ್ನೊಂದು ತೊಂದರೆ ಬಂತು. ದಿನವೂ ಓಡಿಸಿದರೆ ಸರಿ, ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತಿತ್ತು. ಈ ಸಲ ಶಿವಮೊಗ್ಗಕ್ಕೆ ಹೋಗುವ ಮೊದಲು ನಾನೇ ಅಳೆಯಬೇಕೆಂದುಕೊಂಡೆ. ಕೀ ತೆಗೆದು, ಬಾಗಿಲು ಹಾಕಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಸಾಲಿನಲ್ಲಿಟ್ಟು ಜೋಡಿಸಿದೆ. ಹೀಗೆ ಜೋಡಿಸಿರುವಾಗ ಮರೆತು ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಕೀಯನ್ನು ಜೇಬಿಗೆ ಹಾಕಿಕೊಂಡೆ. ಎಲ್ಲ ಆರಿರುವ ಗಾಡಿ 0.05 ಆಂಪಿಯರಿಗಿಂತ ಹೆಚ್ಚು ಎಳೆಯಬಾರದು. ನನಗೆ ಕಂಡದ್ದು 0.8. ಲೆಕ್ಕ ಹಾಕಿದೆ: 48 ಗಂಟೆಗೆ 38 ಆಂಪಿಯರ್ ಅವರ್. ನಮ್ಮ ಬ್ಯಾಟರಿ 70ರದ್ದು. ಅರ್ಧಕ್ಕಿಂತ ಹೆಚ್ಚು ಹೋಗುತ್ತಿತ್ತು.

ಒಂದೊಂದೇ ಫ್ಯೂಸ್ ಕೀಳುತ್ತ ಬಂದೆ. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ದಾರಿಯಲ್ಲಿ ಸೋರಿಕೆ. ರೇಡಿಯೊ, ಒಳದೀಪ, ಹಾರ್ನ್, ಹಿಂದಿನ ವೈಪರ್. ಎಲ್ಲ ಫ್ಯೂಸುಗಳೂ ಹೊರಬಂದು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಕೂತವು. ಅಂಕಿ 0.8ರಲ್ಲೇ ನಿಂತಿತ್ತು. ಹಾಗಾದರೆ ಫ್ಯೂಸ್ ಪೆಟ್ಟಿಗೆಯ ಮೂಲಕ ಹೋಗದೆ ಬ್ಯಾಟರಿಗೆ ನೇರ ಜೋಡಿಸಿರುವುದು ಯಾವುದು? ಸೆಲ್ಫ್ ಮೋಟರ್ ಮತ್ತು ಡೈನಮೊ.

ತಂತಿಯನ್ನು ಮೊದಲಿನಂತೆ ಜೋಡಿಸಿಟ್ಟು ಮರುದಿನ ಬೆಳಗ್ಗೆ ಐದೂವರೆಗೆ ಎದ್ದು ಹೋದೆ. ಮಂಜು ಬಿದ್ದಿತ್ತು. ಬೋನೆಟ್ ತಣ್ಣಗೆ, ಎಂಜಿನ್ ತಣ್ಣಗೆ, ಸೆಲ್ಫ್ ಮೋಟರ್ ತಣ್ಣಗೆ. ಡೈನಮೊ ಮೇಲೆ ಕೈಯಿಟ್ಟೆ. ಸ್ವಲ್ಪವೇ, ಆಗತಾನೇ ಹಾಲು ಕರೆದ ಪಾತ್ರೆಯ ಹಾಗೆ, ಬೆಚ್ಚಗಿತ್ತು. ಡೈನಮೊದಲ್ಲಿ ಹುಟ್ಟುವುದು ಎಸಿ ಕರೆಂಟು. ಅದನ್ನು ಡಿಸಿ ಮಾಡಲು ಡಯೋಡುಗಳಿರುತ್ತವೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಡಯೋಡ್ ಕೆಟ್ಟು ಹಿಮ್ಮುಖವಾಗಿಯೂ ಬಿಡತೊಡಗಿದರೆ ನಿಂತ ಗಾಡಿಯ ಬ್ಯಾಟರಿ ರಾತ್ರಿಯಿಡೀ ಡೈನಮೊವನ್ನು ಕಾಯಿಸುತ್ತ ಕೂರುತ್ತದೆ. ಡೈನಮೊದ ದಪ್ಪ ತಂತಿ ಬಿಚ್ಚಿ ಅಳೆದೆ: 0.02.

ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ. ಎಷ್ಟು ಆಂಪಿಯರ್, ಯಾವ ತಂತಿ ಬಿಚ್ಚಿದಾಗ ಬಿತ್ತು ಎಂದು ಕೇಳಿ, "ಡಯೋಡ್ ಪ್ಲೇಟ್ ತರಿಸಿಡುತ್ತೇನೆ, ಬುಧವಾರ ಬಾ," ಎಂದರು. ಬೇರೇನೂ ಕೇಳಲಿಲ್ಲ. ನನ್ನ ಅಳತೆಯನ್ನು ಅವರು ಮತ್ತೊಮ್ಮೆ ಅಳೆಯದೆ ಒಪ್ಪಿಕೊಂಡರು ಎಂಬುದು ಆ ಇಡೀ ದಿನ ನನ್ನನ್ನು ಹಿಗ್ಗಿಸಿತು.

ಬುಧವಾರ ರಾತ್ರಿ ಊಟವಾದ ಮೇಲೆ ಪುಸ್ತಕ ತೆಗೆದು ಬರೆದೆ: ಡೈನಮೊ ಡಯೋಡ್ ಪ್ಲೇಟ್ ಬದಲು. ನಿಂತಾಗ ಎಳೆತ 0.8, ಈಗ 0.03. ಅಪ್ಪಯ್ಯ ಪುಸ್ತಕವನ್ನು ಎಳೆದುಕೊಂಡು, ಪೊರೆ ತೆಗೆಸಿದ ಎಡಗಣ್ಣಿನ ಹತ್ತಿರ ಹಿಡಿದು ಓದಿದರು.

"ಕಿಲೋಮೀಟರ್ ಬರೆದಿಲ್ಲವಲ್ಲ," ಎಂದರು.

ಟಾರ್ಚ್ ಹಿಡಿದು ಅಂಗಳಕ್ಕೆ ಹೋಗಿ ನೋಡಿ ಬಂದೆ. 2,14,630.